ಹಲೋ ಮುಟ್ಟುತ್ತದೆ, ಹೊರೆ ಮುಟ್ಟುವುದಿಲ್ಲ: ಅಡಕೆ ಕಣಿವೆಯ ಒಂದು ಅಡ್‌ಹಾಕ್ ಜಾಲದ ಪ್ರಕರಣ

ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಕಣಿವೆಯಲ್ಲಿ 2020ರ ನವೆಂಬರಿನಿಂದ ಒಂದೂವರೆ ವರ್ಷ, ಮನೆಯಿಂದ ಮನೆಗೆ ಇಂಟರ್ನೆಟ್ ದಾಟಿಸುವ ತಂತಿಯಿಲ್ಲದ ಜಾಲ ಕಟ್ಟಲು ನಡೆದ ಕೆಲಸದ ವಿವರ ಇದು. ಊರಿನ ಹೆಸರು ಹೇಳುವುದಿಲ್ಲ. ಮನೆಗಳ ಎಣಿಕೆ, ಅವುಗಳ ಕ್ರಮ, ಜನರ ಗುರುತು ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅವುಗಳಲ್ಲಿ ಹೆಚ್ಚಿನವು ನನ್ನವೇ. ನಾನು ಕಾಲೇಜಿನಲ್ಲಿ ನೆಟ್‌ವರ್ಕಿಂಗ್ ಪಾಠ ಮಾಡುವವನು. ಆ ಕಣಿವೆಯಲ್ಲಿ ನೆಂಟರಿದ್ದಾರೆ ಎಂಬುದಷ್ಟೇ ನನಗೂ ಊರಿಗೂ ಇದ್ದ ಸಂಬಂಧ.

ಕಣಿವೆಯ ಮೇಲ್ತುದಿಯಲ್ಲಿ ಡಾಂಬರು ರಸ್ತೆ, ಅದರ ಪಕ್ಕ ಹಾಲಿನ ಸಂಘದ ಕಟ್ಟಡ. ಅಲ್ಲಿಂದ ಹಳ್ಳದ ಜಾಡು ಹಿಡಿದು ಇಳಿದರೆ ಎರಡೂ ಬದಿಯ ಇಳಿಜಾರಿನಲ್ಲಿ ಚದುರಿದ 13 ಮನೆಗಳು, ತಳದಲ್ಲಿ ಉದ್ದಕ್ಕೂ ಅಡಕೆ ತೋಟ. ಮೊಬೈಲ್ ಸಿಗ್ನಲ್ ಬೇಕಿದ್ದರೆ ಗುಡ್ಡ ಹತ್ತಬೇಕು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮಕ್ಕಳು ಗುಡ್ಡದ ತಲೆಯಲ್ಲಿ ತಾಡಪಾಲು ಕಟ್ಟಿಕೊಂಡು ಕೂತರು. ಅದೇ ವರ್ಷ ಹಾಲಿನ ಸಂಘದವರೆಗೆ ಫೈಬರ್ ಬಂತು. ಕೆಳಗಿನ ಹದಿಮೂರು ಮನೆಗಳಿಗೆ ಕೇಬಲ್ ಎಳೆಯಲು ಯಾರೂ ಸಿದ್ಧರಿರಲಿಲ್ಲ. ನಾವೇ ತಾಮ್ರದ ತಂತಿ ಎಳೆಯೋಣವೆಂದರೆ ಏಪ್ರಿಲ್‌–ಮೇ ತಿಂಗಳ ಸಿಡಿಲು ತಂತಿಯ ಗುಂಟ ಎಲ್ಲರ ಮನೆಗೂ ಬರುತ್ತದೆ.

ಎತ್ತರದಲ್ಲಿ ಒಂದು ಕಂಬ ನೆಟ್ಟು ಎಲ್ಲ ಮನೆಗಳತ್ತ ಸಿಗ್ನಲ್ ಬೀರುವುದೂ ಸಾಧ್ಯವಿರಲಿಲ್ಲ. ಕಣಿವೆ ಎರಡು ಕಡೆ ತಿರುಗುತ್ತದೆ. ಎಲ್ಲ ಮನೆಗಳೂ ಕಾಣುವ ಜಾಗವೇ ಇಲ್ಲ. ಆದರೆ ಪ್ರತಿ ಮನೆಗೂ ಇನ್ನೊಂದೆರಡು ಮನೆಗಳು ಕಾಣುತ್ತವೆ. ಹಾಗಾಗಿ ಅಡ್‌ಹಾಕ್ ಜಾಲ: ಯಜಮಾನ ಪೆಟ್ಟಿಗೆ ಎಂಬುದು ಇಲ್ಲ, ಎಲ್ಲ ರೂಟರುಗಳೂ ಸಮಾನ, ಪ್ರತಿ ಮನೆಯೂ ತನ್ನದರ ಜೊತೆಗೆ ಪಕ್ಕದವರ ಪ್ಯಾಕೆಟ್ಟುಗಳನ್ನೂ, ಅಂದರೆ ಮಾಹಿತಿಯ ಪುಟ್ಟ ತುಂಡುಗಳನ್ನೂ, ಮುಂದಿನ ಮನೆಗೆ ದಾಟಿಸುತ್ತದೆ. ಬೆಂಗಳೂರಿನಿಂದ ಮನೆಗೆ ಮರಳಿ ಅಲ್ಲಿಂದಲೇ ಕೆಲಸ ಮಾಡಲು ಹೆಣಗುತ್ತಿದ್ದ ಒಬ್ಬ ಹುಡುಗ ಹಣ ಒಟ್ಟುಮಾಡಿದ. 2.4 ಗಿಗಾಹರ್ಟ್ಸ್‌ನ ಒಂದೇ ರೇಡಿಯೋ ಇರುವ ಅಗ್ಗದ ರೂಟರುಗಳನ್ನು ತಂದು, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ, ಮಾಡಿನ ಅಂಚಿಗೆ ಕಟ್ಟಿದೆವು. ಹಾಲಿನ ಸಂಘದ ಕಡೆಯಿಂದ ಎಣಿಸುತ್ತ ಮನೆಗಳಿಗೆ 1ರಿಂದ 13 ಎಂದು ಸಂಖ್ಯೆ ಕೊಟ್ಟೆವು.

ಮೊದಲ ಎರಡು ಎಡವಟ್ಟುಗಳು

ಮೊದಲ ದಿನವೇ ಜಾಲ ಎರಡು ಹೋಳಾಯಿತು. 1ರಿಂದ 6ರವರೆಗಿನ ಮನೆಗಳು ಒಂದು ಗುಂಪು, 7ರಿಂದ ಕೆಳಗಿನವು ಇನ್ನೊಂದು. ಹೆಸರು ಒಂದೇ, ಚಾನೆಲ್ ಒಂದೇ, ಸಿಗ್ನಲ್ ಗಟ್ಟಿ, ಆದರೂ ಮಾತಿಲ್ಲ. ಅಡ್‌ಹಾಕ್ ವಿಧಾನದಲ್ಲಿ ಮೊದಲು ಎದ್ದ ರೂಟರ್ ಸುತ್ತ ಯಾರೂ ಕಾಣದಿದ್ದರೆ ತಾನೇ ಒಂದು ಕೋಶ ಶುರುಮಾಡಿ ಅದಕ್ಕೊಂದು ಗುರುತು ಸಂಖ್ಯೆಯನ್ನು ಹುಟ್ಟಿಸಿಕೊಳ್ಳುತ್ತದೆ. ಅದನ್ನು ಬಿಎಸ್‌ಎಸ್‌ಐಡಿ ಎನ್ನುತ್ತಾರೆ. ಎರಡು ಕೋಶಗಳು ಮುಂದೆ ಭೇಟಿಯಾದರೆ ಕೂಡಿಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಅಗ್ಗದ ರೇಡಿಯೋಗಳನ್ನು ನಡೆಸುವ ತಂತ್ರಾಂಶಗಳು, ಅಂದರೆ ಡ್ರೈವರುಗಳು, ಆ ನಿಯಮವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರುವುದಿಲ್ಲ. ಗುರುತು ಸಂಖ್ಯೆಯನ್ನು ಎಲ್ಲ ರೂಟರುಗಳಲ್ಲಿ ಕೈಯಿಂದಲೇ ಬರೆದು ಬೀಗ ಹಾಕಿದ ಮೇಲೆ ಆ ಕಾಟ ಮುಗಿಯಿತು.

ಎರಡನೆಯದು ಜನವರಿಯಲ್ಲಿ. ಪ್ರತಿ ರಾತ್ರಿ ಒಂಬತ್ತರ ಆಸುಪಾಸಿಗೆ ಕಣಿವೆಯ ಕೆಳಗಿನ ಅರ್ಧ ಸತ್ತುಹೋಗುತ್ತಿತ್ತು, ಬೆಳಗಿನ ಐದಕ್ಕೆ ಜೀವ ಬರುತ್ತಿತ್ತು. ಹುಡುಗನೂ ನಾನೂ ಎರಡು ವಾರ ಲಾಗ್ ಓದಿದೆವು. ರಾತ್ರಿಯ ಇಬ್ಬನಿ ಕಾರಣವೆಂದು ನಾನು ಒಂದು ಸಿದ್ಧಾಂತವನ್ನೂ ಕಟ್ಟಿದೆ, ಅದನ್ನು ಗೆಳೆಯರಿಗೆ ಬರೆದೂ ಕಳಿಸಿದೆ. ಕೊನೆಗೊಂದು ರಾತ್ರಿ 4ನೇ ಮನೆಯಲ್ಲಿ ಉಳಿಯಬೇಕಾಗಿ ಬಂತು. ಊಟ ಮುಗಿದು ಎಲೆ ತೆಗೆದ ಮೇಲೆ ಆ ಮನೆಯ ಅಜ್ಜಿ ದೇವರ ಕೋಣೆಯ ದೀಪ ಸಣ್ಣದು ಮಾಡಿ, ಜಗಲಿಗೆ ಬಂದು, ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತ ಬಂದರು. ಫ್ಯಾನು, ಲೈಟು, ರೂಟರು.

"ರಾತ್ರಿ ಎಲ್ಲ ಉರಿಸಿ ಯಾರಿಗೆ ಬೇಕು ತಮ್ಮಾ?" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದು. ಅನ್ಯಾಯ ನಮ್ಮದು: ಕೆಳಗಿನ ಮನೆಗಳ ದಾರಿಯೆಲ್ಲ ಅವರ ಜಗಲಿಯ ಮೂಲಕವೇ ಹೋಗುತ್ತಿತ್ತು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. 11ನೇ ಮನೆಯ ಮೊಮ್ಮಗಳು ಹೊರದೇಶದಿಂದ ಮಾತಾಡುವುದು ರಾತ್ರಿ ಹತ್ತಕ್ಕೆ, ಆ ಮಾತು ಈ ಪೆಟ್ಟಿಗೆಯಿಂದಲೇ ದಾಟಬೇಕು ಎಂದು ವಿವರಿಸಿದೆ. ಮರುದಿನ ನೋಡಿದರೆ ಆ ಸ್ವಿಚ್ಚಿಗೆ ಕುಂಕುಮದ ಬೊಟ್ಟು. ಅಲ್ಲಿಂದೀಚೆಗೆ ಮನೆಯ ಮಕ್ಕಳೂ ಅದನ್ನು ಮುಟ್ಟಿಲ್ಲ.

ನಾನು ಸಮಾಧಾನಪಟ್ಟು ಊರಿಗೆ ಮರಳಿದೆ. ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಲೇ ಇಲ್ಲ: 9ರಿಂದ 13ರವರೆಗಿನ ಮನೆಗಳಿಗೆ ಮಧ್ಯೆ 5, 6, 7ನೇ ಮನೆಗಳಿದ್ದರೂ ಎಲ್ಲವೂ 4ನೇ ಮನೆಗೇ ಏಕೆ ಜೋತುಬಿದ್ದಿವೆ? ಆ ಪ್ರಶ್ನೆ ಜನವರಿಯಲ್ಲೇ ಎದ್ದಿದ್ದರೆ ಜೂನ್ ತಿಂಗಳು ಅಷ್ಟು ಕೆಟ್ಟದಾಗಿರುತ್ತಿರಲಿಲ್ಲ.

ಮಳೆಗಾಲ

2021ರ ಎರಡನೆಯ ಅಲೆಯಲ್ಲಿ ಪಾಠಗಳು ಮತ್ತೆ ಮೊಬೈಲಿಗೆ ಬಂದವು. ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯಿತು, ಜಾಲ ಬಿತ್ತು. ಪೂರ್ತಿ ಬಿದ್ದಿದ್ದರೆ ಹುಡುಕುವುದು ಸುಲಭವಿತ್ತು. ಇದು ಅರೆಬರೆ ಬಿದ್ದಿತ್ತು. ವಾಟ್ಸಾಪ್ ಸಂದೇಶ ಹೋಗುತ್ತಿತ್ತು, ಚಿತ್ರ ಹೋಗುತ್ತಿರಲಿಲ್ಲ. ಯಾರಿಗೆ ಯಾರ ಮೂಲಕ ದಾರಿ ಎಂದು ರೂಟರ್ ಬರೆದಿಟ್ಟುಕೊಳ್ಳುವ ರೂಟಿಂಗ್ ಕೋಷ್ಟಕದಲ್ಲಿ ಎಲ್ಲ ಹದಿಮೂರು ಮನೆಗಳೂ ಇದ್ದವು. "ಟೀಚರ್ ಬಾಯಿ ತೆರೆದವರು ಹಾಗೇ ನಿಂತಿದ್ದಾರೆ" ಎಂದು 10ನೇ ಮನೆಯ ಹುಡುಗಿ ಹೇಳಿದಳು. ನನಗೆ ಬಂದ ದೂರುಗಳಲ್ಲೆಲ್ಲ ಹೆಚ್ಚು ನಿಖರವಾದದ್ದು ಅದೇ.

9ನೇ ಮನೆಯಲ್ಲಿ ಕೂತು ಪಿಂಗ್ ಮಾಡಿದೆ, ಅಂದರೆ ಪರೀಕ್ಷೆಯ ಪ್ಯಾಕೆಟ್ ಕಳಿಸಿ ಅದು ಹಿಂದಿರುಗುತ್ತದೆಯೇ ಎಂದು ನೋಡಿದೆ. 56 ಬೈಟಿನ ಪಿಂಗ್ ಒಂದೂ ತಪ್ಪದೆ ಹಿಂದಿರುಗಿತು. ಗಾತ್ರವನ್ನು 1400 ಬೈಟಿಗೆ ಏರಿಸಿದೆ. ಎರಡು ಬಂದವು, ಮೂರು ಬರಲಿಲ್ಲ, ಒಂದು ಬಂತು, ಮತ್ತೆ ಮೌನ. ಹೊರಗೆ ಮಳೆ ನಿಂತು ಅರ್ಧ ಗಂಟೆ ಬಿಸಿಲು ಬಿದ್ದ ಮೇಲೆ ಅದೇ ಪಿಂಗ್ ಪರವಾಗಿಲ್ಲ ಎನ್ನುವಂತಾಯಿತು.

ಇಲ್ಲಿ ರೂಟಿಂಗ್ ಬಗ್ಗೆ ನನ್ನ ತೀರ್ಮಾನವನ್ನು ಒಪ್ಪಿಸಬೇಕು. ಅಡ್‌ಹಾಕ್ ಜಾಲಗಳ ದಾರಿ ಹುಡುಕುವ ವಿಧಾನಗಳಲ್ಲಿ ಎರಡು ದೊಡ್ಡ ಪಂಗಡಗಳಿವೆ. ಬೇಕಾದಾಗ ಮಾತ್ರ ದಾರಿ ಕೇಳುವ ಎಒಡಿವಿ ಒಂದು ಕಡೆ: ಪ್ಯಾಕೆಟ್ ಕಳಿಸಬೇಕಾದ ಹೊತ್ತಿಗೆ 'ಇಂಥವರ ಮನೆ ಎಲ್ಲಿ' ಎಂದು ಜಾಲದ ತುಂಬ ಕೂಗು ಹಾಕುತ್ತದೆ, ಗೊತ್ತಿದ್ದವರು ಉತ್ತರ ಕೊಡುತ್ತಾರೆ. ಸದಾ ನಕ್ಷೆ ಇಟ್ಟುಕೊಳ್ಳುವ ಒಎಲ್‌ಎಸ್‌ಆರ್ ಇನ್ನೊಂದು ಕಡೆ: ಪ್ರತಿ ನೋಡ್, ಅಂದರೆ ಜಾಲದ ಪ್ರತಿ ರೂಟರ್, ಎರಡು ಸೆಕೆಂಡಿಗೊಮ್ಮೆ ಹಲೋ ಎನ್ನುತ್ತದೆ, ಯಾರು ಯಾರ ನೆರೆಯವರು ಎಂಬ ಸುದ್ದಿ ಐದು ಸೆಕೆಂಡಿಗೊಮ್ಮೆ ಹರಡುತ್ತದೆ, ಆ ಸುದ್ದಿಯನ್ನು ಎಲ್ಲರೂ ಕೂಗುವ ಬದಲು ಆರಿಸಿದ ಕೆಲವರು ಮಾತ್ರ ದಾಟಿಸುತ್ತಾರೆ. ಎರಡೂ 2003ರಲ್ಲಿ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ತಂತ್ರಜ್ಞಾನದ ದಾಖಲೆ ಸರಣಿಗೆ ಬಂದವು, ಎಒಡಿವಿ ಆರ್‌ಎಫ್‌ಸಿ 3561 ಆಗಿ, ಒಎಲ್‌ಎಸ್‌ಆರ್ 3626 ಆಗಿ. ನಮ್ಮ ನೋಡುಗಳು ಮನೆಯ ಮಾಡಿಗೆ ಕಟ್ಟಿದವು, ಎಲ್ಲಿಗೂ ಹೋಗುವುದಿಲ್ಲ, ಎಲ್ಲರ ಹಾದಿಯೂ ಹಾಲಿನ ಸಂಘದತ್ತಲೇ. ಹಾಗಿರುವಾಗ ಪ್ರತಿ ಸಲ ಕೂಗುವುದರಲ್ಲಿ ಅರ್ಥವಿಲ್ಲವೆಂದು ಒಎಲ್‌ಎಸ್‌ಆರ್ ಆರಿಸಿದೆ. ಆ ಆಯ್ಕೆಯನ್ನು ಈಗಲೂ ಸಮರ್ಥಿಸಿಕೊಳ್ಳುತ್ತೇನೆ.

ಸಮರ್ಥಿಸಿಕೊಳ್ಳಲಾಗದ್ದು ಮುಂದಿನದು. ತಂತ್ರಾಂಶದಲ್ಲಿ ಎರಡು ರೂಟರುಗಳ ನಡುವಿನ ಕೊಂಡಿಯ ಗುಣವನ್ನು ಅಳೆಯುವ ವ್ಯವಸ್ಥೆ ಸಿದ್ಧವಾಗಿಯೇ ಇತ್ತು. ನಾನು ಅದನ್ನು ನಿಲ್ಲಿಸಿ, ಮೂಲ ದಾಖಲೆಯಲ್ಲಿ ಇದ್ದಂತೆ ಬರೀ ಹಾಪ್ ಎಣಿಕೆಗೆ, ಅಂದರೆ ದಾರಿಯಲ್ಲಿ ಎಷ್ಟು ಜಿಗಿತ ಎಂಬ ಲೆಕ್ಕಕ್ಕೆ, ಬಿಟ್ಟಿದ್ದೆ. ತರಗತಿಯಲ್ಲಿ ಪಾಠ ಮಾಡುವುದು ಅದನ್ನೇ. ಮಕ್ಕಳಿಗೆ ತೋರಿಸಲು ಅಚ್ಚುಕಟ್ಟಾಗಿರುತ್ತದೆ ಎಂಬ ಆಸೆ. ಹಾಪ್ ಎಣಿಸುವ ರೂಟಿಂಗಿಗೆ ಒಂದೇ ಹಂಬಲ, ಕಡಿಮೆ ಜಿಗಿತದಲ್ಲಿ ಗುರಿ ಮುಟ್ಟಬೇಕು. ಕಡಿಮೆ ಜಿಗಿತವೆಂದರೆ ಉದ್ದನೆಯ ಜಿಗಿತ, ಉದ್ದನೆಯದೆಂದರೆ ಸಾಮಾನ್ಯವಾಗಿ ದುರ್ಬಲ ಕೊಂಡಿ. ತೋಟದ ಅಡ್ಡಕ್ಕೆ ಸುಮಾರು 700 ಮೀಟರ್ ದೂರದ 4ನೇ ಮನೆಯ ಹಲೋ 9ನೇ ಮನೆಗೆ ಹೇಗೋ ಕೇಳಿಸುತ್ತಿತ್ತು. ಕೇಳಿಸಿತು ಎಂದರೆ ನೆರೆಯವನು, ನೆರೆಯವನಾದರೆ ದಾರಿ. ಹತ್ತಿರದ 7ನೇ ಮನೆಯನ್ನು ಬಳಸಿ ಹೋಗಲು ರೂಟಿಂಗ್ ಸಿದ್ಧವಿರಲಿಲ್ಲ.

ಕೊನೆಗೌಡ ತೋರಿಸಿದ್ದು

ಜೂನ್ ಕೊನೆಯಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಕೊನೆಗೌಡ ಬಂದಿದ್ದ. ಮರದಿಂದ ಮರಕ್ಕೆ ದಾಟುತ್ತ ಬೋರ್ಡೋ ದ್ರಾವಣ ಸಿಂಪಡಿಸುವುದು ಅವನ ಕೆಲಸ. ಕೆಳಗೆ ಕೊಡೆ ಹಿಡಿದು ನಿಂತ ನನ್ನನ್ನು ನೋಡಿ ಏನು ಹುಡುಕುತ್ತೀರಿ ಎಂದು ಕೇಳಿದ. ಆ ಮನೆಯಿಂದ ಈ ಮನೆಗೆ ಅಡ್ಡ ಏನಿದೆ ಎಂದು ತಿಳಿಯಬೇಕಿತ್ತು ಎಂದೆ. ಅವನು ಮರದ ತುದಿಯಿಂದಲೇ ಉತ್ತರಿಸಿದ: "ಆ ಮನೆಯ ಹಂಚು ಇಲ್ಲಿಂದ ಕಾಣುವುದೇ ಇಲ್ಲ ಮಾಸ್ತರೇ. ನಡುವೆ ಎರಡು ಹಲಸು, ಆಮೇಲೆ ಬರೀ ಸೋಗೆ. ಮಳೆಗೆ ಸೋಗೆ ನೆನೆದು ಜೋತುಬಿದ್ದಿದೆ."

ನಾನು ಅಂಗಳದಲ್ಲಿ ನಿಂತು ನೋಡಿದ್ದೆ. ನನಗೆ ಸೋಗೆಗಳ ಸಂದಿಯಲ್ಲಿ 4ನೇ ಮನೆಯ ಬಿಳಿ ಗೋಡೆಯ ಚೂರು ಕಂಡಿತ್ತು, ಅಷ್ಟಕ್ಕೇ ದಾರಿ ಇದೆ ಎಂದುಕೊಂಡಿದ್ದೆ. ಈ ಭಾಗದಲ್ಲಿ ತೋಟ ಕಣಿವೆಯ ತಳದಲ್ಲಿ, ಮನೆ ಇಳಿಜಾರಿನ ಮೇಲೆ. ಹಾಗಾಗಿ ಅಡಕೆ ಮರದ ತಲೆ ಸರಿಯಾಗಿ ಮಾಡಿನ ಮಟ್ಟಕ್ಕೆ ಬರುತ್ತದೆ. ರೇಡಿಯೋ ಅಲೆಗೆ ದಾರಿಯೆಂದರೆ ದಾರದ ಎಳೆಯಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರ. 700 ಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ಅದರ ನಡುಮಧ್ಯದ ತ್ರಿಜ್ಯ ಸುಮಾರು 4.7 ಮೀಟರ್. ಆ ಸೌತೆಕಾಯಿಯ ಹೊಟ್ಟೆಯ ತುಂಬ ನಮ್ಮಲ್ಲಿ ಸೋಗೆ ತುಂಬಿತ್ತು. ಮಳೆ ಹನಿಗಳು ಈ ಕಂಪನಾಂಕಕ್ಕೆ ಮಾಡುವ ನಷ್ಟ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ನೆನೆದ ಎಲೆಯ ಮೇಲಿನ ನೀರು ಹಾಗಲ್ಲ. ಬಿಸಿಲು ಬಿದ್ದು ಎಲೆ ಆರಿದಾಗ ಪಿಂಗ್ ಸುಧಾರಿಸಿದ್ದಕ್ಕೆ ಅರ್ಥ ಈಗ ಸಿಕ್ಕಿತು. ನಾನು ಮಳೆಯನ್ನು ಬೈಯುತ್ತಿದ್ದೆ, ಬೈಯಬೇಕಾದದ್ದು ಎಲೆಯನ್ನು.

ಹಲೋಗೂ ಹೊರೆಗೂ ಇರುವ ಅಂತರ

ಜುಲೈಯಲ್ಲಿ ಹಾಪ್ ಎಣಿಕೆ ಬಿಟ್ಟು ಇಟಿಎಕ್ಸ್ ಅಳತೆಗೆ ಬಂದೆವು. ಅಮೆರಿಕದ ಎಂಐಟಿಯವರು 2003ರಲ್ಲಿ ಪ್ರಕಟಿಸಿದ ವಿಚಾರ ಇದು. ಒಂದು ಪ್ಯಾಕೆಟ್ ಆಚೆ ಮುಟ್ಟಿ ಅದರ ರಸೀದಿ ಈಚೆ ಬರಲು ಸರಾಸರಿ ಎಷ್ಟು ಸಲ ಕಳಿಸಬೇಕಾದೀತು ಎಂಬುದೇ ಕೊಂಡಿಯ ಬೆಲೆ. ಹೋಗುವಾಗ ನೂರಕ್ಕೆ 60 ಮುಟ್ಟಿ ಬರುವಾಗ 70 ಮುಟ್ಟುವ ಕೊಂಡಿ ಇದ್ದರೆ 0.6ನ್ನು 0.7ರಿಂದ ಗುಣಿಸಿ 0.42, ಒಂದನ್ನು ಅದರಿಂದ ಭಾಗಿಸಿದರೆ ಬೆಲೆ 2.38. ಎರಡೂ ಕಡೆ 95 ಮುಟ್ಟುವ ಕೊಂಡಿಯ ಬೆಲೆ 1.11, ಅಂಥವು ಎರಡು ಸೇರಿದರೆ 2.22. ಅಂದರೆ ಬಳಸು ದಾರಿಯ ಎರಡು ಗಟ್ಟಿ ಹೆಜ್ಜೆ ನೇರದಾರಿಯ ಒಂದು ನೆಗೆತಕ್ಕಿಂತ ಅಗ್ಗ.

ಸುಧಾರಣೆ ಕಂಡಿತು, ಆದರೆ ಹೊಸ ರೋಗ ಹತ್ತಿತು. ದಾರಿ ತೂಗಾಡತೊಡಗಿತು. ಬೆಳಿಗ್ಗೆ 7ನೇ ಮನೆಯ ಮೂಲಕ, ಹತ್ತು ಗಂಟೆಗೆ ನೇರ 4ಕ್ಕೆ, ಜೋರು ಮಳೆಗೆ ಮತ್ತೆ 7ಕ್ಕೆ. ಪ್ರತಿ ಬದಲಾವಣೆಯಲ್ಲೂ ಪಾಠ ಹತ್ತಿಪ್ಪತ್ತು ಸೆಕೆಂಡು ನಿಲ್ಲುತ್ತಿತ್ತು.

ಕಾರಣ ಹಲೋದಲ್ಲೇ ಇತ್ತು. ಹಲೋ ಸಂದೇಶ ಎಲ್ಲರನ್ನೂ ಉದ್ದೇಶಿಸಿದ್ದು, ಆದ್ದರಿಂದ ವೈಫೈ ಅದನ್ನು ತನ್ನ ಅತಿ ನಿಧಾನದ ವೇಗದಲ್ಲಿ, ನಮ್ಮ ರೂಟರುಗಳಲ್ಲಿ 1 ಎಂಬಿಪಿಎಸ್‌ನಲ್ಲಿ, ಹೇಳುತ್ತದೆ. ನಿಧಾನವಾಗಿ ಬಿಡಿಸಿ ಹೇಳಿದ ಚಿಕ್ಕ ಮಾತು ದೂರ ಕೇಳಿಸುತ್ತದೆ. ಪಾಠದ ವಿಡಿಯೋ, ಅಂದರೆ ನಿಜವಾದ ಹೊರೆ, ಹೋಗುವುದು ದೊಡ್ಡ ಪ್ಯಾಕೆಟ್ಟುಗಳಲ್ಲಿ, ಹತ್ತಾರು ಪಟ್ಟು ವೇಗದಲ್ಲಿ. ಅದಕ್ಕೆ ಗಟ್ಟಿ ಸಿಗ್ನಲ್ ಬೇಕು. ಹೀಗಾಗಿ ಹಲೋ ಮುಟ್ಟುವ, ಹೊರೆ ಮುಟ್ಟದ ಒಂದು ನಡುಪ್ರದೇಶ ಉಳಿಯುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2002ರಲ್ಲೇ ನಿಜವಾದ ಲ್ಯಾಪ್‌ಟಾಪುಗಳ ಮೇಲೆ ಎಒಡಿವಿ ಓಡಿಸುವಾಗ ಇದನ್ನು ಕಂಡು 'ಬೂದು ವಲಯ' ಎಂದು ಹೆಸರಿಟ್ಟಿದ್ದರು. ಕಂಪ್ಯೂಟರಿನಲ್ಲಿ ಮಾಡುವ ಅಣಕು ಪ್ರಯೋಗಗಳಲ್ಲಿ ಅದು ಕಂಡಿರಲಿಲ್ಲ. ನಾನು ಆ ಹೆಸರನ್ನು ಓದಿದ್ದೆ, ಪರೀಕ್ಷೆಗೆ ಪ್ರಶ್ನೆಯಾಗಿಯೂ ಕೊಟ್ಟಿದ್ದೆ. 9ನೇ ಮನೆಯ ಜಗಲಿಯಲ್ಲಿ ಕೂತು ಪಿಂಗ್ ನೋಡುವಾಗ ಅದು ನೆನಪಿಗೆ ಬರಲಿಲ್ಲ.

ಇಡೀ ಜಾಲಕ್ಕೂ ಇದರಿಂದ ಪೆಟ್ಟು ಇತ್ತು. ಹೊರೆ ಮುಟ್ಟದಿದ್ದಾಗ ರೂಟರ್ ವೇಗ ಇಳಿಸುತ್ತ ಮತ್ತೆ ಮತ್ತೆ ಕಳಿಸುತ್ತದೆ. 1500 ಬೈಟಿನ ಪ್ಯಾಕೆಟ್ 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡು ಗಾಳಿಯನ್ನು ಹಿಡಿದುಕೂರುತ್ತದೆ. 54ರ ವೇಗದಲ್ಲಾದರೆ ಅದರ ಐವತ್ತನೆಯ ಒಂದು ಪಾಲೂ ಬೇಡ. ಅಷ್ಟು ಹೊತ್ತೂ ಅದೇ ಚಾನೆಲ್ಲಿನ ಉಳಿದ ಮನೆಗಳು ಬಾಯಿ ಮುಚ್ಚಿ ಕಾಯಬೇಕು.

ಆಗ ಮಾಡಿದ ಬದಲಾವಣೆ ಒಂದೇ ಸಾಲಿನದು. ಎಲ್ಲರಿಗೂ ಹೇಳುವ ಮಾತಿನ ವೇಗವನ್ನು 12 ಎಂಬಿಪಿಎಸ್‌ಗೆ ಏರಿಸಿದೆವು, ಹಳೆಯ ನಿಧಾನದ ವೇಗಗಳನ್ನು ಮುಚ್ಚಿದೆವು. ಅಷ್ಟು ವೇಗದ ಹಲೋ ಯಾರಿಗೆ ಕೇಳಿಸುತ್ತದೋ ಅವರಿಗೆ ಹೊರೆಯೂ ಬಹುಮಟ್ಟಿಗೆ ಮುಟ್ಟುತ್ತದೆ. ಹತ್ತು ನಿಮಿಷದಲ್ಲಿ 9ನೇ ಮನೆಯ ನೆರೆಯವರ ಪಟ್ಟಿಯಿಂದ 4 ಮಾಯವಾಯಿತು. ದಾರಿ 7ರ ಮೂಲಕ ನಿಂತಿತು, ತೂಗಾಟ ಹೋಯಿತು.

12 ಮತ್ತು 13ನೇ ಮನೆಗಳೂ ಮಾಯವಾದವು. ಅವು ಇಷ್ಟು ದಿನ ಬದುಕಿದ್ದೇ ಕೆಟ್ಟ ಕೊಂಡಿಯ ಮೇಲೆ.

ಪ್ರಕರಣದ ಕಷ್ಟದ ತೀರ್ಮಾನ ಇಲ್ಲಿ ಬಂತು. ಹುಡುಗ ವೇಗವನ್ನು ಹಿಂದಕ್ಕೆ ಇಳಿಸೋಣ ಎಂದ. ಎರಡು ಮನೆಗಳನ್ನು ಕತ್ತಲಲ್ಲಿ ಬಿಡುವುದಕ್ಕಿಂತ ಎಲ್ಲರಿಗೂ ಸ್ವಲ್ಪ ಕೆಟ್ಟದ್ದು ಲೇಸು ಎಂಬುದು ಅವನ ವಾದ. ಹನ್ನೊಂದು ಮನೆಗಳಲ್ಲಿ ಪಾಠ ನಡೆಯುತ್ತಿತ್ತು. 12ನೇ ಮನೆಯ ಯಜಮಾನರೇ ಬಂದು ಹದಿನೈದು ದಿನ ತಾವು ಕಾಯುತ್ತೇವೆ ಎಂದರು. ಅವರು ಹಾಗೆ ಹೇಳದಿದ್ದರೆ ಹುಡುಗನ ಮಾತೇ ನಡೆಯುತ್ತಿತ್ತೇನೋ. 10 ಮತ್ತು 12ನ್ನು ಜೋಡಿಸಬಲ್ಲ ಮನೆ ನಡುವೆ ಇಲ್ಲ, ಆದರೆ ಹಳ್ಳದ ಏರಿಯ ಮೇಲೆ ಪಂಪ್‌ಸೆಟ್ಟಿನ ಶೆಡ್ ಇದೆ. ಅಲ್ಲಿಂದ ಎರಡೂ ಮನೆಗಳ ಹಂಚು ಕಾಣುತ್ತದೆ ಎಂದವನೂ ಕೊನೆಗೌಡನೇ. ಪಂಪಿನ ವಿದ್ಯುತ್ ದಿನಕ್ಕೆ ಕೆಲವೇ ತಾಸು. ಹಾಗಾಗಿ ಒಂದು ಹಳೆಯ ಕಾರಿನ ಬ್ಯಾಟರಿ, ಕರೆಂಟು ಬಂದಾಗ ತುಂಬಿಸುವ ಚಾರ್ಜರ್, ಮೇಲೆ ಅಡಕೆ ದಬ್ಬೆಯ ಕಂಬ. ಮೊದಲು ಹಸಿ ಅಡಕೆ ಮರಕ್ಕೇ ರೂಟರ್ ಕಟ್ಟಿ ನೋಡಿದ್ದೆವು. ಗಾಳಿಗೆ ಮರ ತೂಗಿದಂತೆಲ್ಲ ಕೊಂಡಿಯ ಅಂಕೆಯೂ ತೂಗಿತು. ಶೆಡ್ಡಿನ ಗೋಡೆಯೇ ಸರಿಯಾಯಿತು.

ಬೇಡವಾಗಿದ್ದ ಒಂದು ತಿಂಗಳು

ಆಗಸ್ಟಿನಲ್ಲಿ ನಾನು ಒಎಲ್‌ಎಸ್‌ಆರ್ ತೆಗೆದು ಬ್ಯಾಟ್‌ಮನ್ ಹಾಕಿದೆ. ಜನರೇ ಸೇರಿ ಜಾಲ ಕಟ್ಟಿಕೊಳ್ಳುವ ಬರ್ಲಿನ್ನಿನ ಫ್ರೈಫುಂಕ್ ಬಳಗದವರು ಒಎಲ್‌ಎಸ್‌ಆರ್‌ನಿಂದ ಬೇಸತ್ತು ಕಟ್ಟಿದ ವಿಧಾನ ಅದು. 2011ರಿಂದ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲಿನಲ್ಲೇ ಇದೆ. ಅದರಲ್ಲಿ ಯಾರ ಬಳಿಯೂ ಪೂರ್ತಿ ನಕ್ಷೆ ಇರುವುದಿಲ್ಲ. ಗುರಿಯ ಕಡೆಯಿಂದ ಬರುವ ಕೂಗು ಯಾವ ನೆರೆಯವನ ಮೂಲಕ ಚೆನ್ನಾಗಿ ಕೇಳಿಸುತ್ತದೋ ಅವನ ಕೈಗೆ ಪ್ಯಾಕೆಟ್ ಕೊಟ್ಟರಾಯಿತು. ವಿಚಾರ ಸೊಗಸಾಗಿದೆ. ಮನೆಯಿಂದ ಮನೆಗೆ ನಡೆದರೂ ಮೊಬೈಲಿನ ವಿಳಾಸ ಬದಲಾಗುವುದಿಲ್ಲ, ಅದೊಂದು ನಿಜವಾದ ಲಾಭ. ವೇಗ ಮಾತ್ರ ಇದ್ದಲ್ಲೇ ಇತ್ತು. ಆ ಒಂದು ತಿಂಗಳನ್ನು ನಾನು ಕಣಿವೆಗಾಗಿ ಕಳೆದೆನೋ ನನ್ನ ಕುತೂಹಲಕ್ಕಾಗಿ ಕಳೆದೆನೋ ಎಂದು ಕೇಳಿದರೆ ಉತ್ತರಿಸಲು ಮುಜುಗರವಾಗುತ್ತದೆ.

ಉಳಿದಿದ್ದ ತೊಂದರೆ ದಾರಿಯದಲ್ಲ, ಅಗಲದ್ದು. ಒಂದೇ ರೇಡಿಯೋ ಒಂದೇ ಚಾನೆಲ್ಲಿನಲ್ಲಿ ಕೇಳಲೂ ಬೇಕು, ಹೇಳಲೂ ಬೇಕು. ಎರಡನ್ನೂ ಒಟ್ಟಿಗೆ ಮಾಡಲಾರದು. 7ನೇ ಮನೆ 4ಕ್ಕೆ ಕಳಿಸುವಾಗ 9ನೇ ಮನೆ ಸುಮ್ಮನಿರಬೇಕು. ಹೀಗೆ ಸರಪಳಿಯಾಗಿ ಸಾಗುವ ಜಾಲದಲ್ಲಿ ಆದರ್ಶ ಸ್ಥಿತಿಯಲ್ಲೂ ಒಂದು ಕೊಂಡಿಯ ವೇಗದ ನಾಲ್ಕನೆಯ ಒಂದು ಪಾಲಷ್ಟೇ ದಕ್ಕೀತು, ವೈಫೈನ ನಿಜ ನಡವಳಿಕೆಯಲ್ಲಿ ಏಳನೆಯ ಒಂದು ಪಾಲಿಗೆ ಇಳಿದೀತು ಎಂದು ಎಂಐಟಿಯ 2001ರ ಅಧ್ಯಯನ ತೋರಿಸಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಏಳು ಮನೆಗಳಲ್ಲಿ ಒಟ್ಟಿಗೆ ಪಾಠ ಶುರುವಾದರೆ ಯಾವ ರೂಟಿಂಗ್ ವಿಧಾನ ತಾನೆ ಏನು ಮಾಡೀತು?

ಡಿಸೆಂಬರಿನಲ್ಲಿ, ಕೊನೆ ಕೊಯ್ಲಿನ ಗಡಿಬಿಡಿಯ ನಡುವೆ, ಪರಸ್ಪರ ಸ್ಪಷ್ಟವಾಗಿ ಕಾಣುವ ಮೂರು ಎತ್ತರದ ಜಾಗಗಳಿಗೆ, ಅಂದರೆ ಹಾಲಿನ ಸಂಘ, 4 ಮತ್ತು 7ನೇ ಮನೆಗೆ, 5 ಗಿಗಾಹರ್ಟ್ಸ್‌ನ ದಿಕ್ಕುಬದ್ಧ ಆಂಟೆನಾ ಕಟ್ಟಿದೆವು. ಭಾರತದಲ್ಲಿ 2018ರಿಂದ ಆ ಕಂಪನಾಂಕಗಳ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಪರವಾನಗಿಯಿಲ್ಲದೆ ಹೊರಾಂಗಣದಲ್ಲೂ ಬಳಸಲು ಮುಕ್ತವಾಗಿದೆ. ಈ ಮೂರರ ನಡುವಿನ ಹೆದ್ದಾರಿ ಅಡ್‌ಹಾಕ್ ಅಲ್ಲವೇ ಅಲ್ಲ, ಇಂಥವರಿಗೆ ಇಂಥವರು ಎಂದು ಕೈಯಿಂದ ಕಟ್ಟಿದ ನಂಟು. ಅದಕ್ಕೆ ಜೋತ ಮನೆಗಳನ್ನು 1, 6, 11 ಎಂಬ ಮೂರು ಬೇರೆ ಬೇರೆ ಚಾನೆಲ್ಲುಗಳ ಚಿಕ್ಕ ಗುಂಪುಗಳಾಗಿ ಒಡೆದೆವು. ಈಗ ಯಾವ ಮನೆಯೂ ಹೆದ್ದಾರಿಯಿಂದ ಮೂರು ಹಾಪ್‌ಗಿಂತ ದೂರವಿಲ್ಲ.

ಕಣಿವೆಯ ನಕ್ಷೆಯನ್ನು ಈಗ ಬಿಡಿಸಿ ನೋಡಿದರೆ ನಾನು ಮೊದಲು ಬಯಸಿದ್ದ, ಎಲ್ಲರೂ ಸಮಾನರಾದ ಜಾಲದ ಮೂರನೆಯ ಒಂದು ಪಾಲೂ ಉಳಿದಿಲ್ಲ. ಜಾಲ ಸುಧಾರಿಸಿದ ಪ್ರತಿ ಹಂತದಲ್ಲೂ ಅದರ ಅಡ್‌ಹಾಕ್‌ತನ ಸ್ವಲ್ಪ ಕಡಿಮೆಯಾಗಿದೆ. ಇಂಥದ್ದನ್ನು ಕಟ್ಟಲು ಹೊರಟವರು ನನ್ನನ್ನು ಕೇಳಿದರೆ, ಯಾವ ವಿಧಾನ ಹಾಕಲಿ ಎಂಬ ಪ್ರಶ್ನೆಗೆ ನಾನು ಬೇಗ ಉತ್ತರಿಸುವುದಿಲ್ಲ. ಒಂದು ಪ್ರತಿಪ್ರಶ್ನೆ ಹಾಕುತ್ತೇನೆ: 1400 ಬೈಟಿನ ಪಿಂಗನ್ನು ಮಳೆ ಬರುವಾಗ ನೋಡಿದ್ದೀರಾ? ಜೊತೆಗೆ, ಯಾವ ಒಂದು ಪೆಟ್ಟಿಗೆ ಆರಿದರೆ ಎಷ್ಟು ಮನೆ ಆರುತ್ತವೆ ಎಂದು ಒಂದು ರಾತ್ರಿ ಒಂದೊಂದನ್ನೇ ಆರಿಸಿ ನೋಡಿ ಎನ್ನುತ್ತೇನೆ. ನಮಗೆ ಆ ಪರೀಕ್ಷೆಯನ್ನು ಅಜ್ಜಿ ಪ್ರತಿ ರಾತ್ರಿ ಪುಕ್ಕಟೆಯಾಗಿ ಮಾಡಿ ತೋರಿಸುತ್ತಿದ್ದರು. ಫಲಿತಾಂಶ ಓದಲು ನನಗೆ ಆರು ತಿಂಗಳು ಹಿಡಿಯಿತು.

10ರಿಂದ ಪಂಪ್ ಶೆಡ್ಡಿಗೆ ಹೋಗುವ ಕೊಂಡಿ ಈಗಲೂ ಪ್ರತಿ ಜೂನಿನಲ್ಲಿ ಮೊದಲು ಸೊರಗುತ್ತದೆ. ದಾರಿಯಲ್ಲಿ ನಾಲ್ಕು ಮರಗಳ ತಲೆ ಬರುತ್ತದೆ. ಹಸಿ ಸೋಗೆ ಕಡಿದರೆ ಫಸಲಿಗೆ ಪೆಟ್ಟು ಎಂದು ತೋಟದ ಯಜಮಾನರು ಮರಕ್ಕೆ ಒಂದರಂತೆ ಕಡಿಯಲು ಮಾತ್ರ ಒಪ್ಪಿದ್ದಾರೆ, ಅದೂ ಅವರ ಮಗನ ಕೆಲಸ ಅದೇ ಕೊಂಡಿಯ ಮೇಲೆ ನಿಂತಿರುವುದರಿಂದ. ಮಳೆಗಾಲದ ಆರಂಭದಲ್ಲಿ ಔಷಧಿ ಹೊಡೆಯಲು ಬರುವ ಕೊನೆಗೌಡ ದೋಟಿಯನ್ನು ಮಾಡಿಗೆ ಒರಗಿಸಿ, ಕವಳ ಹಾಕುತ್ತ, ಹುಡುಗನ ಲ್ಯಾಪ್‌ಟಾಪಿನತ್ತ ಬಗ್ಗಿ ಕೇಳುತ್ತಾನೆ: "ಈ ಸಲ ಯಾವ ಮರದ್ದು?"